ಲಿವರಿನ ವಿಳಾಸ ಬರೆದ ಔಷಧ

(ಸಂಘದ ವಾಚನಾಲಯದಲ್ಲಿ ರವಿವಾರ ಮಧ್ಯಾಹ್ನ ಮಾಡಿದ ಭಾಷಣ)



ಪಗಾರ, ಬೋನಸ್ಸು, ಪ್ರಾವಿಡೆಂಟ್ ಫಂಡು ಎಂದು ಕೂಗಾಡುವವನು ಇವತ್ತು ಔಷಧದ ಮೇಲೆ ಮಾತಾಡಲು ನಿಂತಿದ್ದಾನಲ್ಲ ಎಂದು ಹಿಂದಿನ ಬೆಂಚಿನವರು ನಗುತ್ತಿದ್ದೀರಿ. ನಗಿರಿ, ಅಡ್ಡಿಯಿಲ್ಲ. ಆದರೆ ಮನೆಗೆ ಹೋಗುವ ಮುಂಚೆ ನಮ್ಮ ಸಂಘದ ನಿರ್ಣಯಗಳ ಪುಸ್ತಕವನ್ನು ಒಮ್ಮೆ ತೆರೆದು, ಶೋಕ ನಿರ್ಣಯಗಳನ್ನಷ್ಟೇ ಓದಿರಿ. ನಲವತ್ತಾರು ವರ್ಷ, ಐವತ್ತು ವರ್ಷ, ನಲವತ್ತೊಂಬತ್ತು ವರ್ಷ. ಭಟ್ಟಿಯ ಮುಂದೆ ನಿಂತಲ್ಲೇ ಎದೆ ಹಿಡಿದುಕೊಂಡವರು, ರಾತ್ರಿ ಪಾಳಿ ಮುಗಿಸಿ ಖೋಲಿಗೆ ಬಂದು ಮಲಗಿದವರು ಏಳದೇ ಹೋದವರು. ಇದು ನಮ್ಮ ಹಣೆಬರಹ ಮಾತ್ರವಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದ ಲೆಕ್ಕ 2007ರಲ್ಲಿ ಬಂತು. ನಮ್ಮ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53. ಉಳಿದ ದೇಶಗಳವರಿಗೆ ಹೆಚ್ಚುಕಡಿಮೆ 59. ಆರು ವರ್ಷ ಮುಂಚೆ! ಊರಿನ ಮನೆಯ ಸಾಲ ತೀರುವುದು, ಮಗಳ ಮದುವೆ, ಮಗನ ಕಾಲೇಜು ಎಲ್ಲ ಬರುವುದು ಆ ಆರು ವರ್ಷಗಳಲ್ಲೇ ಅಲ್ಲವೇ?

ನಾನು ವೈದ್ಯನಲ್ಲ. ಏಳನೆಯ ಇಯತ್ತೆ ಮುಗಿಸಿ ಹೋಟೆಲಿನ ಮೋರಿಯ ಹತ್ತಿರ ತಟ್ಟೆ ತೊಳೆಯಲು ನಿಂತವನು. ನಮ್ಮ ಶಿಬಿರಗಳಿಗೆ ಬರುವ ಡಾಕ್ಟರರನ್ನು ಕಾಡಿ ಬೇಡಿ ಕೇಳಿ ತಿಳಿದದ್ದನ್ನು ನಮ್ಮ ಹೋಟೆಲಿನ ಭಾಷೆಯಲ್ಲಿ ಹೇಳುತ್ತೇನೆ. ವಿಷಯವೇನೆಂದರೆ, ಕೊಲೆಸ್ಟೆರಾಲನ್ನು ಇಳಿಸಲು ಹೊಸ ಜಾತಿಯ ಒಂದು ಔಷಧ ಬಂದಿದೆ. ಪ್ರತಿದಿನದ ಮಾತ್ರೆಯಲ್ಲ. ಆರು ತಿಂಗಳಿಗೊಂದು ಸೂಜಿ. ಅದು ಮಾಡುವ ಕೆಲಸಕ್ಕಿಂತ, ಅದು ಸೇರಬೇಕಾದ ಜಾಗಕ್ಕೆ ಸೇರುವಂತೆ ಮಾಡಿದ್ದೇ ಹೆಚ್ಚಿನ ಕಷ್ಟವಾಯಿತಂತೆ. ನನಗೆ ಹಿಡಿಸಿದ್ದು ಆ ಕಥೆ.

ಮೊದಲು ಕೊಲೆಸ್ಟೆರಾಲಿನ ವಿಚಾರ. ಅದು ವಿಷವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಗೋಡೆಗೂ ಅದು ಬೇಕು. ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ನಾವು ತಿನ್ನುವುದರಿಂದ ನೇರವಾಗಿ ಬರುವುದು ಕಡಿಮೆ. ಎಣ್ಣೆ ನೀರಿನಲ್ಲಿ ಬೆರೆಯದಂತೆ ಅದೂ ರಕ್ತದಲ್ಲಿ ಬೆರೆಯುವುದಿಲ್ಲ. ಆದ್ದರಿಂದ ದೇಹ ಅದನ್ನು ಪೊಟ್ಟಣ ಕಟ್ಟಿ ಕಳಿಸುತ್ತದೆ. ಅಂಥ ಒಂದು ಜಾತಿಯ ಪೊಟ್ಟಣಕ್ಕೆ ಎಲ್.ಡಿ.ಎಲ್. ಎಂದು ಹೆಸರು. ಈ ಪೊಟ್ಟಣಗಳು ಅಗತ್ಯಕ್ಕಿಂತ ಹೆಚ್ಚಾಗಿ ರಕ್ತದಲ್ಲಿ ಸುತ್ತುತ್ತಿದ್ದರೆ ರಕ್ತನಾಳದ ಗೋಡೆಯೊಳಗೆ ಇಳಿದು ಕೂಡುತ್ತವೆ. ಒಂದು ದಿನದಲ್ಲಲ್ಲ, ಇಪ್ಪತ್ತು ಮೂವತ್ತು ವರ್ಷಗಳಲ್ಲಿ. ಕೊನೆಗೊಂದು ದಿನ ಆ ಗಂಟು ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದೇ ಹೃದಯಾಘಾತ.

ಹಾಗಾದರೆ ಈ ಪೊಟ್ಟಣಗಳನ್ನು ರಕ್ತದಿಂದ ತೆಗೆಯುವವರು ಯಾರು? ಮುಖ್ಯವಾಗಿ ಲಿವರು. ಅಮೆರಿಕದ ಡಲ್ಲಾಸಿನಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಇಬ್ಬರು 1970ರ ದಶಕದಲ್ಲಿ ಇದನ್ನು ಪತ್ತೆಹಚ್ಚಿ 1985ರಲ್ಲಿ ನೊಬೆಲ್ ಬಹುಮಾನ ಪಡೆದರು. ಲಿವರಿನ ಜೀವಕೋಶದ ಮೇಲ್ಮೈಯಲ್ಲಿ ಎಲ್.ಡಿ.ಎಲ್. ಹಿಡಿಯುವ ಕೈಗಳಿವೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಮ್ಮ ಕ್ಲೀನರ್ ಹುಡುಗನನ್ನು ನೆನೆಸಿಕೊಳ್ಳಿ. ಮೇಜಿನ ಮೇಲಿನ ಎಂಜಲು ತಟ್ಟೆ ಎತ್ತುತ್ತಾನೆ, ಒಳಗೆ ಹೋಗಿ ಮೋರಿಯ ಹತ್ತಿರ ಇಳಿಸುತ್ತಾನೆ, ಬರಿಗೈಯಲ್ಲಿ ಮತ್ತೆ ಹೊರಗೆ ಬರುತ್ತಾನೆ. ಲಿವರಿನ ಕೈಗಳೂ ಹಾಗೆಯೇ. ಒಂದೊಂದು ಕೈಯೂ ನೂರಕ್ಕೂ ಹೆಚ್ಚು ಸಲ ಒಳಗೆ ಹೋಗಿ ಹೊರಗೆ ಬರುತ್ತದಂತೆ. ಕ್ಲೀನರುಗಳು ಸಾಕಷ್ಟಿದ್ದರೆ ಮೇಜುಗಳು ಸ್ವಚ್ಛ. ಕಡಿಮೆಯಾದರೆ ತಟ್ಟೆಗಳ ರಾಶಿ.

ಇಲ್ಲಿ ಒಬ್ಬ ಮೇಸ್ತ್ರಿ ಬರುತ್ತಾನೆ. ಅವನ ಹೆಸರು ಪಿ.ಸಿ.ಎಸ್.ಕೆ.9. ಇದೊಂದು ಪ್ರೋಟೀನು, ತಯಾರಾಗುವುದೂ ಹೆಚ್ಚಾಗಿ ಲಿವರಿನಲ್ಲೇ. ಇದು ಹೋಗಿ ಕ್ಲೀನರಿನ ಹೆಗಲು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿಸಿಕೊಂಡ ಕೈ ಒಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ. ಒಳಗೇ ಚೂರಾಗಿ ಹೋಗುತ್ತದೆ. ನೋಟೀಸಿಲ್ಲದೆ, ಪಗಾರವಿಲ್ಲದೆ ಕೆಲಸದಿಂದ ತೆಗೆದ ಹಾಗೆ! ಈ ಮೇಸ್ತ್ರಿಗಳು ಹೆಚ್ಚಾದಷ್ಟೂ ಕ್ಲೀನರುಗಳು ಕಡಿಮೆ, ರಕ್ತದಲ್ಲಿ ಎಲ್.ಡಿ.ಎಲ್. ಹೆಚ್ಚು.

2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಈ ಮೇಸ್ತ್ರಿಯ ಅಬ್ಬರ ಹುಟ್ಟಿನಿಂದಲೇ ಹೆಚ್ಚಿರುವುದು ಗೊತ್ತಾಯಿತು. ಅವರಲ್ಲಿ ಎಲ್.ಡಿ.ಎಲ್. ವಿಪರೀತ. ಅದರ ಹಿಂದೆಯೇ ಡಲ್ಲಾಸಿನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಎಂಬವರು ಪ್ರಶ್ನೆಯನ್ನು ತಿರುಗಿಸಿ ಹಾಕಿದರು: ಹುಟ್ಟಿನಿಂದಲೇ ಈ ಮೇಸ್ತ್ರಿ ಕಡಿಮೆ ಇರುವವರು ಯಾರಾದರೂ ಇದ್ದಾರೆಯೇ? ಇದ್ದರು. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ನೂರಕ್ಕೆ ಎರಡು ಮೂರು ಜನರಲ್ಲಿ ಈ ಪ್ರೋಟೀನಿನ ಜೀನು ಅರ್ಧಕ್ಕರ್ಧ ಕೆಟ್ಟಿತ್ತು. ಅವರನ್ನು ಹದಿನೈದು ವರ್ಷ ಗಮನಿಸಿದ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಎಲ್.ಡಿ.ಎಲ್. ನೂರಕ್ಕೆ 28 ಭಾಗ ಕಡಿಮೆ. ಹೃದಯದ ರಕ್ತನಾಳದ ರೋಗ ನೂರಕ್ಕೆ 88 ಭಾಗ ಕಡಿಮೆ. ಜೀನಿನ ಎರಡು ಪ್ರತಿಗಳೂ ಕೆಟ್ಟು, ಮೇಸ್ತ್ರಿಯೇ ಇಲ್ಲದ ಮೂವತ್ತೆರಡು ವಯಸ್ಸಿನ ಒಬ್ಬ ತಾಯಿ ಸಿಕ್ಕಳು. ನಮ್ಮ ಶಿಬಿರದ ಚೀಟಿಗಳಲ್ಲಿ ಎಲ್.ಡಿ.ಎಲ್. 130, 160 ಎಂದೆಲ್ಲ ಬರೆದಿರುತ್ತದಲ್ಲ, ಅವಳದು 14! ಮಕ್ಕಳೊಂದಿಗ, ಗಟ್ಟಿಮುಟ್ಟಾಗಿ ಇದ್ದಳು. ಎಂದ ಮೇಲೆ ಈ ಮೇಸ್ತ್ರಿ ಇಲ್ಲದಿದ್ದರೂ ಹೋಟೆಲು ನಡೆಯುತ್ತದೆ ಎಂದಾಯಿತು.

ನಡುವೆ ಹಳೆಯ ಮಾತ್ರೆಯ ಒಂದು ಮಾತು, ಏಕೆಂದರೆ ಅದನ್ನು ಬಿಟ್ಟು ಹೊಸದನ್ನು ಹೊಗಳುವುದು ಅನ್ಯಾಯ. ಸ್ಟಾಟಿನ್ ಮಾತ್ರೆ ಹುಟ್ಟಿದ್ದು ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೊ ಎಂಬವರು ಆರು ಸಾವಿರಕ್ಕೂ ಮಿಕ್ಕಿದ ಸೂಕ್ಷ್ಮಜೀವಿಗಳನ್ನು ಪರೀಕ್ಷೆ ಮಾಡಿ 1973ರಲ್ಲಿ ಮೊದಲ ಸ್ಟಾಟಿನನ್ನು ಪಡೆದರು. ಆ ಬೂಷ್ಟು ಕ್ಯೋಟೋ ನಗರದ ಒಂದು ಧಾನ್ಯದ ಅಂಗಡಿಯ ಅಕ್ಕಿಯಲ್ಲಿ ಸಿಕ್ಕಿತ್ತು. ನಾವು ಮೂಟೆಗಟ್ಟಲೆ ಬೂಷ್ಟು ಹಿಡಿದ ಅಕ್ಕಿಯನ್ನು ಎಸೆದಿದ್ದೇವೆ, ನಮಗೆ ಯಾರಿಗೂ ಹೊಳೆಯಲಿಲ್ಲ! ಸ್ಟಾಟಿನ್ ಲಿವರಿನ ಸ್ವಂತ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಲಿವರು ತನಗೆ ಕೊರತೆಯಾಯಿತೆಂದು ಹೆಚ್ಚು ಕ್ಲೀನರುಗಳನ್ನು ಹೊರಗೆ ಬಿಡುತ್ತದೆ. ಒಳ್ಳೆಯದೇ. ಆದರೆ ಅದರ ಜತೆಗೆ ಮೇಸ್ತ್ರಿಗಳನ್ನೂ ಹೆಚ್ಚಿಸಿಬಿಡುತ್ತದೆ. ಅದಕ್ಕೇ ಮಾತ್ರೆಯನ್ನು ಎರಡು ಪಟ್ಟು ಮಾಡಿದರೂ ಎಲ್.ಡಿ.ಎಲ್. ಮತ್ತೆ ಇಳಿಯುವುದು ನೂರಕ್ಕೆ ಆರರಷ್ಟೇ. ಕೆಲವರಿಗೆ ಅಷ್ಟು ಸಾಲದು.

ಈಗ ಹೊಸ ಔಷಧದ ಕೆಲಸ. ಜೀನು ಎಂದರೆ ಮಾಲಕರ ಕಪಾಟಿನಲ್ಲಿ ಬೀಗ ಹಾಕಿಟ್ಟ ಪಾಕದ ಪುಸ್ತಕ ಎಂದಿಟ್ಟುಕೊಳ್ಳಿ. ಗಿರಣಿಯವರು ಬೇಕಾದರೆ ಮಗ್ಗದ ನಮೂನೆಯ ಕಾರ್ಡು ಎಂದುಕೊಳ್ಳಿ. ಪುಸ್ತಕ ಹೊರಗೆ ಬರುವುದಿಲ್ಲ. ಅದರಿಂದ ಬೇಕಾದ ಪಾಕವನ್ನು ಒಂದು ಚೀಟಿಯಲ್ಲಿ ನಕಲು ಮಾಡಿ ಅಡಿಗೆಮನೆಗೆ ಕಳಿಸುತ್ತಾರೆ. ಆ ಚೀಟಿಗೆ ಆರ್.ಎನ್.ಎ. ಎಂದು ಹೆಸರು. ಚೀಟಿ ನೋಡಿ ಭಟ್ಟರು ಪ್ರೋಟೀನು ಮಾಡುತ್ತಾರೆ. ಪುಸ್ತಕವನ್ನು ಮುಟ್ಟದೆ ಆ ಒಂದು ಚೀಟಿಯನ್ನು ಮಾತ್ರ ಹರಿದು ಹಾಕಿದರೆ? ಮೇಸ್ತ್ರಿ ತಯಾರಾಗುವುದೇ ಇಲ್ಲ.

ಹರಿಯುವವನನ್ನು ನಾವು ಹೊರಗಿನಿಂದ ಕಳಿಸಬೇಕಾಗಿಲ್ಲ. ಜೀವಕೋಶದ ಅಡಿಗೆಮನೆಯಲ್ಲಿ ಕತ್ತರಿ ಹಿಡಿದ ಒಬ್ಬ ಆಗಲೇ ಕೂತಿದ್ದಾನೆ. ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲೊ ಎಂಬವರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದರ ಗುಟ್ಟನ್ನು 1998ರಲ್ಲಿ ಬಿಡಿಸಿದರು. 2006ರಲ್ಲಿ ನೊಬೆಲ್ ಬಂತು. ಎರಡೆಳೆಯ ಒಂದು ತುಂಡು ಆರ್.ಎನ್.ಎ. ಒಳಗೆ ಬಂದರೆ, ಕತ್ತರಿಯವನು ಒಂದೆಳೆಯನ್ನು ಬಿಸಾಡಿ ಇನ್ನೊಂದನ್ನು ಮಾದರಿಯಾಗಿ ಕೈಯಲ್ಲಿ ಇಟ್ಟುಕೊಳ್ಳುತ್ತಾನೆ. ಆ ಮಾದರಿಗೆ ಹೊಂದುವ ಚೀಟಿ ಬಂದರೆ ಕತ್ತರಿಸುತ್ತಾನೆ. ಇನ್ನೊಂದು ಬಂದರೆ ಅದನ್ನೂ. ಮಾದರಿ ಒಂದೇ, ಕತ್ತರಿಸುವ ಚೀಟಿಗಳು ಎಷ್ಟೋ. ನಮಗೆ ಬೇಕಾದ ಚೀಟಿಯ ಮಾದರಿಯನ್ನು ಬರೆದುಕೊಟ್ಟರೆ ಸಾಕು. ಇಪ್ಪತ್ತೊಂದೋ ಇಪ್ಪತ್ತಮೂರೋ ಅಕ್ಷರ.

ಕೇಳಲು ಸುಲಭ. ಆದರೆ ತಲುಪಿಸುವುದು ಹೇಗೆ? ಬರಿಯ ಆರ್.ಎನ್.ಎ.ಯನ್ನು ರಕ್ತಕ್ಕೆ ಬಿಟ್ಟರೆ ನಿಮಿಷಗಳಲ್ಲಿ ಚೂರಾಗುತ್ತದೆ; ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಹೇಗೋ ಉಳಿದರೂ ಜೀವಕೋಶದ ಎಣ್ಣೆಗೋಡೆ ಅದನ್ನು ಒಳಗೆ ಬಿಡುವುದಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಹಣ ಸುರಿದು ಕೈಸುಟ್ಟುಕೊಂಡವು. ರೋಶ್ ಕಂಪನಿ 2010ರಲ್ಲಿ ಈ ಕೆಲಸವನ್ನೇ ಬಿಟ್ಟಿತು. ಮರ್ಕ್ ಕಂಪನಿ 2006ರಲ್ಲಿ 110 ಕೋಟಿ ಡಾಲರಿಗೆ ಕೊಂಡ ವಿದ್ಯೆಯನ್ನು 2014ರಲ್ಲಿ ಬರೇ 17.5 ಕೋಟಿ ಡಾಲರಿನ ವ್ಯವಹಾರದಲ್ಲಿ ಆಲ್ನೈಲಮ್ ಎಂಬ ಕಂಪನಿಗೆ ದಾಟಿಸಿತು.

ದಾರಿ ತೋರಿಸಿದ್ದು ಬೇರೆ ಯಾವುದೋ ಕಾಲದ, ಬೇರೆ ಯಾವುದೋ ಕಾರಣದ ಸಂಶೋಧನೆ. 1960ರ ದಶಕದ ಕೊನೆಯಲ್ಲಿ ಗಿಲ್ಬರ್ಟ್ ಆಶ್ವೆಲ್, ಅನಾತೋಲ್ ಮೋರೆಲ್ ಎಂಬ ಇಬ್ಬರು ರಕ್ತದಲ್ಲಿ ತಾಮ್ರ ಹೊರುವ ಒಂದು ಪ್ರೋಟೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಆ ಪ್ರೋಟೀನಿನ ಮೈಮೇಲೆ ಸಕ್ಕರೆಯ ಸಣ್ಣ ಸಣ್ಣ ಕೊಂಬೆಗಳಿರುತ್ತವೆ. ಕೊಂಬೆಯ ತುದಿಯ ಒಂದು ಸಕ್ಕರೆಯನ್ನು ಕಿತ್ತು, ಅದರ ಕೆಳಗಿನ ಸಕ್ಕರೆ ಹೊರಗೆ ಕಾಣುವಂತೆ ಮಾಡಿ ಮೊಲಗಳಿಗೆ ಸೂಜಿ ಹಾಕಿದರು. ಗಂಟೆಗಟ್ಟಲೆ ರಕ್ತದಲ್ಲಿ ತಿರುಗಬೇಕಾದ ಪ್ರೋಟೀನು ನಿಮಿಷಗಳಲ್ಲಿ ಮಾಯ! ಹುಡುಕಿದರೆ ಲಿವರಿನಲ್ಲಿ ಸಿಕ್ಕಿತು. ಲಿವರಿನ ಜೀವಕೋಶದ ಮೇಲೆ ಆ ಸಕ್ಕರೆಯನ್ನೇ ಹುಡುಕುವ ಇನ್ನೊಂದು ಜಾತಿಯ ಕೈಗಳಿವೆ ಎಂದು ಹೀಗೆ ತಿಳಿಯಿತು. ಒಂದೊಂದು ಜೀವಕೋಶದ ಮೇಲೆ ಲಕ್ಷಗಟ್ಟಲೆ. ಬೇರೆ ಅಂಗಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಮುಂಬಯಿಯವರಿಗೆ ಇದನ್ನು ವಿವರಿಸಬೇಕೇ? ಡಬ್ಬಾವಾಲರ ಡಬ್ಬಿಯ ಮುಚ್ಚಳ ನೋಡಿಲ್ಲವೇ? ಮೇಲೆ ಬಣ್ಣದ ಗುರುತು, ಒಂದು ಅಂಕೆ, ಒಂದು ಅಕ್ಷರ. ಒಳಗೆ ಚಪಾತಿ ಇದೆಯೋ ಕುಚ್ಚಲಕ್ಕಿ ಅನ್ನ ಇದೆಯೋ ಒಯ್ಯುವವನಿಗೆ ಬೇಕಾಗಿಲ್ಲ. ಗುರುತು ಸರಿಯಿದ್ದರೆ ಡಬ್ಬಿ ಸರಿಯಾದ ಮಹಡಿಗೆ ಹೋಗುತ್ತದೆ. ಆರ್.ಎನ್.ಎ. ತುಂಡಿಗೂ ಅಂಥ ಗುರುತು ಕಟ್ಟಿದರು. ಗುರುತಿನ ಸಕ್ಕರೆಯ ಹೆಸರು ಗಾಲ್‌ನ್ಯಾಕ್. ಒಂದು ಸಕ್ಕರೆಯಾದರೆ ಲಿವರಿನ ಹಿಡಿತ ಸಡಿಲ. ಮೂರನ್ನು ಕವಲು ಮಾಡಿ, ಅಂತರ ಸರಿಯಾಗಿ ಅಳೆದು ಕಟ್ಟಿದರೆ ಹಿಡಿತ ಮೂರರಷ್ಟಲ್ಲ, ಸಾವಿರಾರು ಪಟ್ಟು ಬಿಗಿ. ಕೈ ಅದನ್ನು ಹಿಡಿದು ಒಳಗೆ ಒಯ್ಯುತ್ತದೆ. ತುಂಡು ದಾರಿಯಲ್ಲಿ ಚೂರಾಗದಂತೆ ಅದರ ಪ್ರತಿಯೊಂದು ಅಕ್ಷರಕ್ಕೂ ರಸಾಯನದ ಕವಚ ತೊಡಿಸಿದರು. ಇದೂ ಒಂದೇ ಸಲಕ್ಕೆ ಆದದ್ದಲ್ಲ. ಇದೇ ಸಕ್ಕರೆ ಕಟ್ಟಿದ, ಬೇರೊಂದು ರೋಗದ ಔಷಧವನ್ನು ಪರೀಕ್ಷೆಯಲ್ಲಿ ಸಾವು ಹೆಚ್ಚು ಕಂಡಿತೆಂದು 2016ರಲ್ಲಿ ನಿಲ್ಲಿಸಬೇಕಾಯಿತು. ಅದರಲ್ಲಿ ಕವಚ ಹಳೆಯ ಮಾದರಿಯದು, ಪ್ರಮಾಣವೂ ಬಹಳ ದೊಡ್ಡದು.

ಆರು ತಿಂಗಳು ಒಂದೇ ಸೂಜಿ ಹೇಗೆ ಸಾಕಾಗುತ್ತದೆ ಎಂದು ನಾನು ಡಾಕ್ಟರರನ್ನು ಮೂರು ಸಲ ಕೇಳಿದೆ. ಒಳಗೆ ಹೋದದ್ದು ಮೊದಲು ಒಂದು ಚೀಲದಲ್ಲಿ ಸಿಕ್ಕಿಕೊಂಡಿರುತ್ತದೆ. ಅಲ್ಲಿಂದ ತಪ್ಪಿಸಿಕೊಂಡು ಅಡಿಗೆಮನೆಗೆ ಬರುವುದು ನೂರಕ್ಕೆ ಒಂದು ಪಾಲೂ ಇಲ್ಲ. ಆದರೆ ಕವಚವಿರುವುದರಿಂದ ಚೀಲದಲ್ಲಿದ್ದದ್ದು ಬೇಗ ಕೆಡುವುದಿಲ್ಲ; ತಿಂಗಳುಗಟ್ಟಲೆ ಸೋರಿ ಸೋರಿ ಹೊರಗೆ ಬರುತ್ತದೆ. ಬಂದದ್ದು ಒಂದೊಂದೂ ಕತ್ತರಿಯವನ ಕೈಯಲ್ಲಿ ಬಹಳ ದಿನ ಉಳಿಯುತ್ತದೆ. ಹೀಗೆ ಲೆಕ್ಕ ಸರಿಹೋಗುತ್ತದೆ.

ಹೀಗೆ ತಯಾರಾದ ಔಷಧ ಇಂಕ್ಲಿಸಿರಾನ್. ಮೊದಲ ದಿನ ಒಂದು ಸೂಜಿ, ಮೂರು ತಿಂಗಳಿಗೆ ಎರಡನೆಯದು, ಆಮೇಲೆ ಆರು ತಿಂಗಳಿಗೊಂದು, ಚರ್ಮದ ಕೆಳಗೆ. ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಎರಡು ಪರೀಕ್ಷೆಗಳ ಫಲ 2020ರಲ್ಲಿ ಬಂತು. ಬಹಳ ಮಂದಿ ಆಗಲೇ ಸ್ಟಾಟಿನ್ ತಿನ್ನುತ್ತಿದ್ದವರು; ಅದರ ಮೇಲೆಯೂ ಎಲ್.ಡಿ.ಎಲ್. ಅರ್ಧದಷ್ಟು ಇಳಿಯಿತು. ಸೂಜಿ ಹಾಕಿದಲ್ಲಿ ನೋವು, ಕೆಂಪಾಗುವುದು ಸ್ವಲ್ಪ ಹೆಚ್ಚು. ಯುರೋಪು 2020ರ ಡಿಸೆಂಬರಿನಲ್ಲಿ, ಅಮೆರಿಕ 2021ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟವು. ಆ ಒಪ್ಪಿಗೆ ಎಲ್.ಡಿ.ಎಲ್. ಇಳಿಸಿದ್ದಕ್ಕೆ ಎಂಬುದನ್ನು ನೆನಪಿಡಿ. ಹೃದಯಾಘಾತ ಎಷ್ಟು ತಪ್ಪುತ್ತದೆ ಎಂದು ಅಳೆಯುವ, ಹತ್ತಾರು ಸಾವಿರ ಜನರ ಪರೀಕ್ಷೆಗಳನ್ನು ಬೇರೆಯಾಗಿ ಹೂಡಿದರು. ಇದೇ ಮೇಸ್ತ್ರಿಯನ್ನು ಇನ್ನೊಂದು ದಾರಿಯಿಂದ ಹಿಡಿಯುವ ಔಷಧಗಳು 2015ರಲ್ಲೇ ಬಂದಿದ್ದವು. ಅವು ಹೃದಯಾಘಾತ ತಪ್ಪಿಸುವುದು 2017ರಲ್ಲಿ ಸಿದ್ಧವಾಯಿತು. ಆದರೆ ಎರಡು ವಾರಕ್ಕೋ ತಿಂಗಳಿಗೋ ಸೂಜಿ ಬೇಕು.

ನಮ್ಮಂಥವರಿಗೆ ಆರು ತಿಂಗಳ ಸೂಜಿ ಎಂದರೇನು? ನನಗೆ ಗೊತ್ತಿರುವ ಒಬ್ಬ ಭಟ್ಟರಿದ್ದರು. ಮಾತ್ರೆ ಬರೆದುಕೊಟ್ಟಿದ್ದರು. ಬೆಳಗಿನ ನಾಲ್ಕಕ್ಕೆ ಏಳಬೇಕು, ಹೋಟೆಲು ಬದಲಾಯಿತು, ಖೋಲಿ ಬದಲಾಯಿತು, ಊರಿಗೆ ಹೋದಾಗ ಮುಗಿದ ಮಾತ್ರೆ ಮತ್ತೆ ತರಲಿಲ್ಲ. "ನೋವಿಲ್ಲವಲ್ಲ ತಮ್ಮಾ, ಯಾಕೆ ತಿನ್ನಬೇಕು?" ಎಂದು ನನ್ನನ್ನೇ ಕೇಳಿದರು. ಕೊಲೆಸ್ಟೆರಾಲ್ ನೋಯುವುದೇ ಇಲ್ಲ, ಅದೇ ಅದರ ಮೋಸ. ಎರಡನೆಯ ಮಳೆಗಾಲಕ್ಕೆ ಅವರಿಲ್ಲ. ಊರಿಗೆ ಹೋಗುವಾಗೊಮ್ಮೆ, ಬಂದಾಗೊಮ್ಮೆ ಚುಚ್ಚಿಸಿಕೊಳ್ಳುವ ಔಷಧ ಇಂಥವರಿಗೇ ಹೇಳಿ ಮಾಡಿಸಿದಂತಿದೆ.

ಆದರೆ ಬೆಲೆ ಕೇಳಿ. ಅಮೆರಿಕದಲ್ಲಿ ಬಿಡುಗಡೆಯಾದಾಗ ಒಂದು ಸೂಜಿಗೆ 3,250 ಡಾಲರು. ಆಗಿನ ಲೆಕ್ಕದಲ್ಲಿ ಸುಮಾರು 2 ಲಕ್ಷ 40 ಸಾವಿರ ರೂಪಾಯಿ. ಲಿವರಿನ ವಿಳಾಸ ಬರೆದವರು ನಮ್ಮ ಚಾಳಿನ ವಿಳಾಸ ಬರೆಯಲಿಲ್ಲ! ಇಂಗ್ಲೆಂಡಿನಲ್ಲಿಯೂ ಪಟ್ಟಿಯ ಬೆಲೆ 1,987 ಪೌಂಡು. ಆದರೆ ಅಲ್ಲಿ ಸರಕಾರದ ಆರೋಗ್ಯ ಸೇವೆ ಏನು ಮಾಡಿತು? ಮೂರು ವರ್ಷಗಳಲ್ಲಿ ಮೂರು ಲಕ್ಷ ಜನರಿಗೆ ಕೊಡುವ ಲೆಕ್ಕ ಮುಂದಿಟ್ಟು, ಇಡೀ ದೇಶದ ಪರವಾಗಿ ಚೌಕಾಸಿ ಮಾಡಿ, 2021ರಲ್ಲಿ ರಿಯಾಯಿತಿ ದರಕ್ಕೆ ಒಪ್ಪಂದ ಮಾಡಿಕೊಂಡಿತು. ಒಬ್ಬೊಬ್ಬನೇ ಹೋಗಿ ಮಾಲಕರ ಮುಂದೆ ನಿಂತರೆ ಸಿಗುವ ಪಗಾರ ಬೇರೆ, ಎಲ್ಲರೂ ಸೇರಿ ಕೂತಾಗ ಸಿಗುವ ಪಗಾರ ಬೇರೆ. ಔಷಧಕ್ಕೂ ಅದೇ ನ್ಯಾಯ.

ನಮ್ಮಲ್ಲಿ ಹೀಗೆ ಕೂತದ್ದು ಇಲ್ಲವೇ? ಇದೆ. 1970ರ ಪೇಟೆಂಟು ಕಾನೂನು ಔಷಧದ ವಸ್ತುವಿಗೆ ಪೇಟೆಂಟು ಕೊಡಲಿಲ್ಲ; ಅದರ ನೆರಳಿನಲ್ಲೇ ನಮ್ಮ ದೇಶದ ಅಗ್ಗದ ಔಷಧಗಳು ಬೆಳೆದವು. 2005ರಿಂದ ಕಾನೂನು ಬದಲಾಯಿತು, ಇಪ್ಪತ್ತು ವರ್ಷದ ಪೇಟೆಂಟು ಬಂತು. ಆದರೂ ಬೆಲೆ ಕೈಗೆಟುಕದಿದ್ದರೆ ಇನ್ನೊಬ್ಬರಿಗೆ ತಯಾರಿಸಲು ಕಡ್ಡಾಯ ಪರವಾನಗಿ ಕೊಡುವ ಕಲಮು ಅದರಲ್ಲಿ ಉಳಿದಿದೆ. ಕ್ಯಾನ್ಸರಿನ ನೆಕ್ಸಾವರ್ ಎಂಬ ಔಷಧಕ್ಕೆ ಬೇಯರ್ ಕಂಪನಿ ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರ ಕೇಳುತ್ತಿತ್ತು. 2012ರಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಪರವಾನಗಿ ಸಿಕ್ಕಿ, ಅದು 8,880ಕ್ಕೆ ಇಳಿಯಿತು. 2014ರಲ್ಲಿ ನಮ್ಮ ಬೊಂಬಾಯಿ ಹೈಕೋರ್ಟೇ ಅದನ್ನು ಎತ್ತಿಹಿಡಿಯಿತು. ಇದನ್ನು ತಿಳಿಯದ ಕಾರ್ಮಿಕ ಮುಂದಾಳು ಅರ್ಧ ಕಾನೂನು ಮಾತ್ರ ಬಲ್ಲವನು ಎನ್ನುತ್ತೇನೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಇಟ್ಟಿದ್ದೇನೆ. ಇ.ಎಸ್.ಐ. ಎಂಬುದು ನಮ್ಮ ಪಗಾರದಿಂದ ಮುರಿದ ಹಣ; 1948ರ ಕಾನೂನು, 1952ರಲ್ಲಿ ಆರಂಭ. ಕೋಟಿಗಟ್ಟಲೆ ಕಾರ್ಮಿಕರ ಪರವಾಗಿ ಅದು ಕೂತು ಇಂಥ ಔಷಧಗಳ ಬೆಲೆಯನ್ನು ಮಾತಾಡಲಿ. ಹೃದಯಾಘಾತ ಒಮ್ಮೆ ಆದವರಿಗೆ, ಹುಟ್ಟಿನಿಂದಲೇ ಕೊಲೆಸ್ಟೆರಾಲ್ ವಿಪರೀತ ಇರುವ ಕುಟುಂಬಗಳಿಗೆ ಮೊದಲು ಕೊಡಲಿ. ಅಂಥ ಕುಟುಂಬದವರು ಇನ್ನೂರೈವತ್ತು ಮುನ್ನೂರು ಜನರಲ್ಲಿ ಒಬ್ಬರು ಇರುತ್ತಾರಂತೆ. ತಂದೆ, ಅಣ್ಣ ಇಂಥವರು ಐವತ್ತೈದರ ಒಳಗೆ ಎದೆನೋವಿನಿಂದ ಹೋಗಿದ್ದರೆ, ಅಥವಾ ಹಿಮ್ಮಡಿಯ ಮೇಲಿನ ದಪ್ಪ ನರದಲ್ಲಿ, ಕೈಬೆರಳ ಗಂಟಿನ ಮೇಲೆ ಗಟ್ಟಿ ಉಬ್ಬು ಇದ್ದರೆ ತಡಮಾಡದೆ ಡಾಕ್ಟರರಿಗೆ ತೋರಿಸಿ.

ಸೂಜಿ ಬರುವವರೆಗೆ ಕೈಕಟ್ಟಿ ಕೂರಬೇಡಿ. ಡಾಕ್ಟರರು ಬರೆದುಕೊಟ್ಟ ಅಟೊರ್ವಾಸ್ಟಾಟಿನ್ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಹೊಸ ಸೂಜಿ ಸಿಕ್ಕಿದರೂ ಸಾಮಾನ್ಯವಾಗಿ ಅದನ್ನು ಕೊಡುವುದು ಈ ಮಾತ್ರೆಯ ಜತೆಗೇ. ಮೈಕೈ ನೋವು ಬಂದರೆ ಮಾತ್ರೆ ಎಸೆಯಬೇಡಿ, ಹೋಗಿ ಹೇಳಿ, ಪ್ರಮಾಣ ಬದಲಾಯಿಸುತ್ತಾರೆ. ಇನ್ನೊಂದು ಮಾತು. ನಾಲ್ಕು ಗಂಟೆಗೆ ಕೆಲಸಕ್ಕೆ ಹೋಗುವವರು ಬರಿಹೊಟ್ಟೆಯಲ್ಲಿ ಹೇಗೆ ರಕ್ತ ಕೊಡುವುದು ಎನ್ನುತ್ತೀರಿ. ಮೊದಲ ಪರೀಕ್ಷೆಗೆ ಬರಿಹೊಟ್ಟೆಯೇ ಆಗಬೇಕೆಂದಿಲ್ಲ. ಟ್ರೈಗ್ಲಿಸರೈಡ್ ಎಂಬುದು ಬಹಳ ಹೆಚ್ಚು ಬಂದರೆ ಮಾತ್ರ ಮತ್ತೊಮ್ಮೆ ಹಾಗೆ ಮಾಡಬೇಕಾಗುತ್ತದೆ.

ವಾಚನಾಲಯದ ಮೇಜಿನ ಮೇಲೆ ಒಂದು ನೋಟುಬುಕ್ಕು ಇಟ್ಟಿದ್ದೇನೆ. ಹೆಸರು, ವಯಸ್ಸು, ಪಾಳಿ, ಇ.ಎಸ್.ಐ. ನಂಬರು ಇದ್ದರೆ ಅದನ್ನೂ ಬರೆಯಿರಿ. ಬರೆಯಲು ಬಾರದವರು ನಾಚಬೇಡಿ, ನಾನೇ ಬರೆದುಕೊಳ್ಳುತ್ತೇನೆ. ಬೆಳಗಿನ ಪಾಳಿಯವರಿಗೆ ಬರುವ ರವಿವಾರ ಮಧ್ಯಾಹ್ನ ಮೂರಕ್ಕೆ, ರಾತ್ರಿ ಪಾಳಿಯವರಿಗೆ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ರಕ್ತ ತೆಗೆಯುತ್ತಾರೆ. ನೋಟುಬುಕ್ಕಿನ ಮೊದಲ ಪುಟದಲ್ಲಿ ಅಧ್ಯಕ್ಷರ ಹೆಸರು ಆಗಲೇ ಇದೆ.